ಕ್ಷೇಮವಿಲ್ಲದ ಕಾಗದ

ಬೆಂಗಳೂರು
14 ಜೂನ್ 2023

ಮಾನ್ಯ ಬೆಟ್ಟಸ್ವಾಮಿಯವರಿಗೆ ನಮಸ್ಕಾರಗಳು.

ನನ್ನ ಹೆಸರು ಸೌಮ್ಯ. ಫೆಬ್ರವರಿಯಲ್ಲಿ ನಿಮ್ಮ ಗಂಟಲಿನ ಆಪರೇಷನ್ ಆದ ಆಸ್ಪತ್ರೆಯಲ್ಲಿ ಕೆಲಸ ಮಾಡುತ್ತೇನೆ. ಡಾಕ್ಟರಲ್ಲ, ಅವರು ನಡೆಸುವ ಒಂದು ಅಧ್ಯಯನವನ್ನು ನೋಡಿಕೊಳ್ಳುವವಳು. ಕ್ಯಾನ್ಸರಿನಿಂದ ಧ್ವನಿಪೆಟ್ಟಿಗೆ ತೆಗೆಸಿಕೊಂಡವರು ಆಮೇಲೆ ಹೇಗೆ ಬದುಕುತ್ತಿದ್ದಾರೆ ಎಂದು ಅವರ ಬಾಯಿಂದಲೇ ತಿಳಿಯುವುದು ನಮ್ಮ ಉದ್ದೇಶ. ಗಾಯ ಮಾಗಿದೆಯೇ, ಗಡ್ಡೆ ಮರಳಿದೆಯೇ ಎಂಬುದನ್ನು ನಾವು ನೋಡಿ ಹೇಳಬಹುದು. ಊಟ ಸೇರುತ್ತದೆಯೇ, ಮನೆಯಲ್ಲಿ ಹೇಗಿದ್ದೀರಿ, ಮನಸ್ಸು ಹೇಗಿದೆ ಎಂಬುದನ್ನು ನೀವೇ ಹೇಳಬೇಕು.

ನಿಮ್ಮ ಮಗ ಪರಮೇಶ್ ಅವರಿಗೆ ಫೋನ್ ಮಾಡಿದ್ದೆ. ಅಪ್ಪನಿಗೆ ಮಾತಿಲ್ಲ, ಮೊಬೈಲ್ ಒತ್ತುವ ತಾಳ್ಮೆಯೂ ಇಲ್ಲ, ಕಾಗದ ಹಾಕಿದರೆ ಖಂಡಿತ ಬರೆಯುತ್ತಾರೆ ಎಂದರು. ಆದ್ದರಿಂದ ಫಾರಂ ಅಂಚೆಯಲ್ಲಿ ಕಳಿಸುತ್ತಿದ್ದೇನೆ, ಎರಡು ಮೂರು ತಿಂಗಳಿಗೊಮ್ಮೆ ಹೊಸದೊಂದು ಬರುತ್ತದೆ. ಪ್ರತಿ ಪ್ರಶ್ನೆಯ ಮುಂದೆ ‘ಇಲ್ಲವೇ ಇಲ್ಲ’, ‘ಸ್ವಲ್ಪ’, ‘ಸಾಕಷ್ಟು’, ‘ಬಹಳ’ ಎಂಬ ನಾಲ್ಕು ಮನೆಗಳಿವೆ. ನಿಮಗಿರುವ ತೊಂದರೆ ಎಷ್ಟೋ ಅಲ್ಲಿ ಗುರುತು ಹಾಕಿ. ಕೊನೆಯಲ್ಲಿ ನಿಮ್ಮ ಈಗಿನ ಬದುಕಿಗೆ ನೂರಕ್ಕೆ ಎಷ್ಟು ಅಂಕ ಎಂದು ಬರೆಯಿರಿ. ಡಾಕ್ಟರಿಗೆ ಬೇಜಾರಾದೀತೆಂದು ಯಾವುದನ್ನೂ ಮುಚ್ಚಿಡಬೇಡಿ.

ವಿಶ್ವಾಸಿ,
ಸೌಮ್ಯ


ದಬ್ಬೇಘಟ್ಟ
2 ಜುಲೈ 2023

ಶ್ರೀ. ಕ್ಷೇಮ.

ಸೌಮ್ಯ ತಾಯಿಗೆ ಬೆಟ್ಟಸ್ವಾಮಿಯ ಆಶೀರ್ವಾದ. ನಾನು, ನನ್ನ ಮನೆಯವಳು ದ್ರಾಕ್ಷಾಯಣಿ, ಮಗ ಪರಮೇಶ, ಕೊಟ್ಟಿಗೆಯ ಹಸು ಕರು ಸಮೇತ ಎಲ್ಲರೂ ನೆಟ್ಟಗಿದ್ದೇವೆ. ನಿನ್ನ ಕಡೆಯೂ ಹಾಗೇ ಇರಲಿ. ಏಕವಚನಕ್ಕೆ ಮುಖ ಊದಿಸಿಕೊಳ್ಳಬೇಡ. ಬಹುವಚನಕ್ಕೆ ಶಾಯಿ ಜಾಸ್ತಿ ಬೇಕು.

ನಿನ್ನ ಕಾಗದ ಬಂದದ್ದು ನಮ್ಮ ಮನೆಗೆ ಒಂದು ಸಮಾಚಾರವೇ ಆಯಿತು. ಅಂಚೆಯ ಕೆಂಚಯ್ಯ ಬಾಗಿಲಲ್ಲೇ ನಿಂತು ಯಾರದೆಂದು ಕೇಳಿದ. ಆಸ್ಪತ್ರೆಯವರು ಕ್ಷೇಮ ಕೇಳಿ ಬರೆದಿದ್ದಾರೆ ಅಂತ ಸ್ಲೇಟಿನಲ್ಲಿ ಬರೆದು ತೋರಿಸಿದೆ. ನಾನು ದೊಡ್ಡ ಮನುಷ್ಯನಾದೆ ಅಂದುಕೊಂಡಿರಬೇಕು ಅವನು.

ನನಗೆ ಕಾಗದ ಬರೆಯುವುದನ್ನು ಕಲಿಸಿದವರು ನಮ್ಮಪ್ಪ. ಮೊದಲು ಶ್ರೀ, ಆಮೇಲೆ ಕ್ಷೇಮ, ಮಿಕ್ಕಿದ್ದೆಲ್ಲ ಆಮೇಲೆ. ಕ್ಷೇಮ ಕೇಳಿದವರಿಗೆ ಕ್ಷೇಮ ಅಂತಲೇ ಉತ್ತರ ಹೋಗಬೇಕು. ಕ್ಷೇಮ ಇಲ್ಲದ ಕಾಗದ ಬಂತೆಂದರೆ ಅದು ಸಾವಿನ ಕಾಗದ. ಅದನ್ನು ಹೊಸಿಲಾಚೆ ನಿಂತು ಓದಿ, ಅಲ್ಲೇ ಹರಿದು ಹಾಕಿ, ಕಾಲು ತೊಳೆದು ಒಳಗೆ ಬರಬೇಕು. ಈಗ ಕಾಗದವೇ ಇಲ್ಲ, ಇನ್ನು ಹರಿಯುವುದೆಲ್ಲಿ ಬಂತು.

ಫಾರಂ ತುಂಬಿದ್ದೇನೆ. ಎಲ್ಲದಕ್ಕೂ ‘ಇಲ್ಲವೇ ಇಲ್ಲ’. ಬದುಕಿಗೆ ತೊಂಬತ್ತೈದು. ನೂರೂ ಕೊಟ್ಟರೆ ಜಂಬ ಅಂತ ಐದನ್ನು ಶಿವನಿಗೆ ಬಿಟ್ಟಿದ್ದೇನೆ. ಕತ್ತಿನ ತೂತಿಗೆ ಬಿಳೀ ಬಟ್ಟೆ ಕಟ್ಟಿಕೊಂಡು ಓಡಾಡುತ್ತೇನೆ. ತಿಪಟೂರಿನ ಕೊಬ್ಬರಿ ಮಂಡಿಯಲ್ಲಿ ನನ್ನ ಬಾಯಿಗೆ ಹೆದರದವರಿರಲಿಲ್ಲ. ಈಗ ಎಲ್ಲರೂ ಆರಾಮ.

ಬೆಟ್ಟಸ್ವಾಮಿ


ಬೆಂಗಳೂರು
5 ಅಕ್ಟೋಬರ್ 2023

ಬೆಟ್ಟಸ್ವಾಮಿ ಸರ್,

ನಿಮ್ಮ ಎರಡು ಫಾರಂಗಳೂ ತಲುಪಿವೆ. ಎರಡರಲ್ಲೂ ತೊಂಬತ್ತೈದು. ನಮ್ಮ ಅಧ್ಯಯನದಲ್ಲಿ ಇಷ್ಟು ಅಂಕ ಇನ್ನಾರೂ ಕೊಟ್ಟಿಲ್ಲ. ಮೀಟಿಂಗಿನಲ್ಲಿ ಡಾಕ್ಟರ್ ನಿಮ್ಮ ಹೆಸರು ಹೇಳದೆ ನಿಮ್ಮ ಕಾಗದದ ಎರಡು ಸಾಲು ಓದಿದರು. ಎಲ್ಲರೂ ನಕ್ಕರು, ನನಗೂ ಹೆಮ್ಮೆಯಾಯಿತು.

ಒಂದು ಸಣ್ಣ ಅನುಮಾನ. ವಾಸನೆ ತಿಳಿಯಲು ತೊಂದರೆಯೇ ಎಂಬಲ್ಲಿ ನೀವು ‘ಇಲ್ಲವೇ ಇಲ್ಲ’ ಎಂದಿದ್ದೀರಿ. ಈ ಆಪರೇಷನ್ ಆದವರ ಉಸಿರು ಕತ್ತಿನ ತೂತಿನಿಂದಲೇ ಆಡುವುದರಿಂದ ಮೂಗಿಗೆ ಕೆಲಸವಿರುವುದಿಲ್ಲ, ಹೆಚ್ಚಿನವರಿಗೆ ವಾಸನೆ ಹೋಗುತ್ತದೆ. ನಿಮಗೆ ನಿಜಕ್ಕೂ ಉಳಿದಿದೆಯೇ?

ಸೌಮ್ಯ


ದಬ್ಬೇಘಟ್ಟ
12 ನವೆಂಬರ್ 2023

ಶ್ರೀ. ಕ್ಷೇಮ.

ಸೌಮ್ಯ ತಾಯಿ, ನನ್ನ ಮೂಗು ಇದ್ದ ಜಾಗದಲ್ಲೇ ಇದೆ, ಕನ್ನಡಕ ಅದರ ಮೇಲೇ ಕೂರುತ್ತದೆ. ಗಾಬರಿಯಾಗಬೇಡ.

ನಿನಗೆ ನಮ್ಮ ಕಸುಬು ಗೊತ್ತಿದೆಯೋ ಇಲ್ಲವೋ. ಇಲ್ಲಿ ಕಾಯಿಯನ್ನು ಸಿಪ್ಪೆ ಸಮೇತ ಅಟ್ಟಕ್ಕೆ ಹಾಕಿ ಹೆಚ್ಚುಕಡಿಮೆ ಒಂದು ವರ್ಷ ಮರೆತುಬಿಡುತ್ತೇವೆ. ಒಳಗಿನ ನೀರೆಲ್ಲ ಇಂಗಿ, ಕೊಬ್ಬರಿ ಚಿಪ್ಪು ಬಿಟ್ಟು ಉಂಡೆಯಾಗುತ್ತದೆ. ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರೆ ಗಡಗಡ ಅನ್ನಬೇಕು. ಒಡೆದ ಮೇಲೆ ಒಳ್ಳೆಯದೋ ಕಮಟೋ ಅಂತ ಹೇಳುವುದು ಮೂಗಿನ ಕೆಲಸ. ಶ್ರಾವಣದಲ್ಲಿ ನಾನೇ ನೋಡಿ ಆರಿಸಿದ ಒಂದು ಲೋಡು ಪೂರಾ ಕಮಟು ಅಂತ ವಾಪಸ್ ಬಂತು. ಮಾರನೆ ದಿನದಿಂದ ನಮ್ಮ ಅಂಗಡಿ ಬೀಗದ ಕೈ ಪರಮೇಶನ ಜೇಬಿಗೆ ಹೋಯಿತು. ಒಳ್ಳೆಯದೇ ಆಯಿತು ಬಿಡು, ಎಷ್ಟು ದಿನ ಅಂತ ದುಡಿಯುವುದು. ಈಗ ಜಗಲಿಯ ಮೇಲೆ ಕೂತು ಬಸ್ಸು ನೋಡುವುದೇ ನನ್ನ ವ್ಯಾಪಾರ.

ಮನೆಯಲ್ಲಿ ಜಗಳ ಅನ್ನುವುದೇ ಇಲ್ಲ. ದ್ರಾಕ್ಷಾಯಣಿಗೆ ಓದು ಬಾರದು, ನಾನು ಸ್ಲೇಟಿನಲ್ಲಿ ಬರೆದದ್ದು ಅವಳಿಗೆ ಇರುವೆ ಸಾಲು. ಬರೆದು ತೋರಿಸಿ, ಕೈಬಾಯಿ ಆಡಿಸಿ, ಮಜ್ಜಿಗೆ ಕೇಳಿದರೆ ಬಿಸಿನೀರು ಬರುತ್ತದೆ. ಕುಡಿದುಬಿಡುತ್ತೇನೆ. ಗಂಡ ಹೆಂಡತಿ ಅಂದರೆ ಮುಖ ನೋಡಿಯೇ ತಿಳಿಯಬೇಕು, ಅವಳಿಗೆ ಎಲ್ಲ ತಿಳಿಯುತ್ತದೆ.

ಮತ್ತೆ ತೊಂಬತ್ತೈದು ಹಾಕಿದ್ದೇನೆ. ನಿಮ್ಮ ಮೀಟಿಂಗಿನವರು ಇನ್ನೊಂದು ಸಲ ನಗಲಿ.

ಬೆಟ್ಟಸ್ವಾಮಿ


ಬೆಂಗಳೂರು
17 ಜನವರಿ 2024

ಬೆಟ್ಟಸ್ವಾಮಿ ಸರ್,

ಈ ಸಲ ಒಂದು ಉಪಕಾರ ಕೇಳಲು ಬರೆಯುತ್ತಿದ್ದೇನೆ. ಹಂದನಕೆರೆಯ ರಂಗಪ್ಪ ಎಂಬುವರು ನಮ್ಮಲ್ಲಿ ತೋರಿಸುತ್ತಿದ್ದಾರೆ. ತೆಂಗಿನ ಮರ ಹತ್ತಿ ಕಾಯಿ ಕೆಡವುವ ಕೆಲಸ. ನಿಮಗಿದ್ದ ಕಾಯಿಲೆಯೇ, ಆದರೆ ಅವರ ಮುಂದೆ ಎರಡು ದಾರಿಗಳಿವೆ. ನಿಮ್ಮ ಹಾಗೆ ಧ್ವನಿಪೆಟ್ಟಿಗೆ ತೆಗೆಸುವುದು ಒಂದು. ಕರೆಂಟು, ಅಂದರೆ ರೇಡಿಯೇಷನ್, ಕೊಡಿಸಿ ಔಷಧಿ ಹಾಕಿಸುವುದು ಇನ್ನೊಂದು, ಅದರಲ್ಲಿ ದನಿ ಉಳಿಯಬಹುದು. ಅವರ ಮಟ್ಟಿಗೆ ಜೀವ ಉಳಿಯುವ ಭರವಸೆ ಎರಡರಲ್ಲೂ ಸುಮಾರು ಒಂದೇ ಎಂದು ಡಾಕ್ಟರ್ ಹೇಳಿದ್ದಾರೆ. ಯಾವುದೆಂದು ಅವರೇ ಆರಿಸಬೇಕು.

ಅವರಿಗೆ ತೀರ್ಮಾನ ಮಾಡಲಾಗುತ್ತಿಲ್ಲ. ಆಪರೇಷನ್ ಮಾಡಿಸಿಕೊಂಡು ಚೆನ್ನಾಗಿರುವವರು ಅವರ ಸೀಮೆಯಲ್ಲೇ ಒಬ್ಬರಿದ್ದಾರೆಂದು ಡಾಕ್ಟರ್ ನಿಮ್ಮ ವಿಷಯ ತಿಳಿಸಿದರು. ರಂಗಪ್ಪನವರು ತಮ್ಮ ಮಗಳು ಗಾನವಿಯ ಜೊತೆ ನಿಮ್ಮ ಮನೆಗೆ ಬರಬಹುದೇ? ಅರ್ಧ ಗಂಟೆ ಸಾಕು.

ಸೌಮ್ಯ


ದಬ್ಬೇಘಟ್ಟ
9 ಫೆಬ್ರವರಿ 2024

ಶ್ರೀ. ಕ್ಷೇಮ.

ಸೌಮ್ಯ ತಾಯಿ, ನಿನ್ನ ರಂಗಪ್ಪ ಬಂದು ಹೋದ. ಅರ್ಧ ಗಂಟೆ ಎಲ್ಲಿಯದು, ಮಧ್ಯಾಹ್ನದ ಊಟ ಮುಗಿಸಿಕೊಂಡೇ ಹೋಗಿದ್ದು. ದ್ರಾಕ್ಷಾಯಣಿ ಒಬ್ಬಟ್ಟು ಮಾಡಿದ್ದಳು. ನಾನು ಒಗೆದ ಪಂಚೆ ಉಟ್ಟು, ಹಣೆ ತುಂಬ ವಿಭೂತಿ ಬಳಿದುಕೊಂಡು, ಕತ್ತಿಗೆ ಹೊಸ ಬಟ್ಟೆ ಕಟ್ಟಿ ಮದುವೆ ಗಂಡಿನ ಹಾಗೆ ಕೂತಿದ್ದೆ.

ಆಳು ಗಟ್ಟಿ. ಕಾಯಿಲೆಯಿಂದ ದನಿ ಒಡೆದಿದೆ, ಆದರೂ ಜಗಲಿಯಿಂದ ಮಾತಾಡಿದರೆ ಕೊಟ್ಟಿಗೆಗೆ ಕೇಳಿಸುತ್ತದೆ. ಗೊನೆ ಕಡಿಯುವ ಮುಂಚೆ ಮರದ ಮೇಲಿಂದ ಕೂಗಬೇಕಲ್ಲ, ಕೆಳಗೆ ಕಾಯಿ ಆಯುವವರು ದೂರ ಸರಿಯಲಿ ಅಂತ. ಹಾಗೆ ಬೆಳೆದ ಗಂಟಲು. ಆಯುವವಳು ಅವನ ಹೆಂಡತಿ ಹೊಂಬಾಳಮ್ಮನೇ ಅಂತೆ.

ತೂತು ತೋರಿಸಿ ಅಂದ, ತೋರಿಸಿದೆ. ನೋಯುತ್ತದಾ ಅಂದ, ಇಲ್ಲ ಅಂತ ತಲೆಯಾಡಿಸಿದೆ. ಕೊನೆಗೆ ಲೋಟ ಕೆಳಗಿಟ್ಟು, “ಯಜಮಾನ್ರೇ, ನಿಜ ಹೇಳಿ, ಹೆಂಗೈತೆ ಬದುಕು?” ಅಂದ.

ಮನೆಗೆ ಬಂದು ಕ್ಷೇಮ ಕೇಳಿದ ಮನುಷ್ಯ. ಸ್ಲೇಟಿನ ತುಂಬ ದೊಡ್ಡದಾಗಿ ‘ಕ್ಷೇಮ’ ಅಂತ ಬರೆದೆ. ಅವನಿಗೂ ಓದು ಬಾರದು. ಮಗಳು ಗಾನವಿ ಓದಿ ಹೇಳಿದಳು. ತಿಪಟೂರಿನಲ್ಲಿ ಡಿಗ್ರಿ ಓದುತ್ತಿರುವ ಹುಡುಗಿ, ಚುರುಕಾಗಿದ್ದಾಳೆ. ರಂಗಪ್ಪನ ಮುಖ ಅರಳಿತು. “ಕೂಗಕ್ಕಾಗ್ದಿದ್ರೆ ಏನಂತೆ, ಸಿಳ್ಳೆ ಹಾಕ್ತೀನಿ ಬುಡಿ” ಅಂದ. ನಾನು ನಗುತ್ತಾ ತಲೆದೂಗಿದೆ.

ದ್ರಾಕ್ಷಾಯಣಿ ಬಾಗಿಲ ಸಂದಿಯಲ್ಲಿ ನಿಂತು ನನ್ನನ್ನೇ ನೋಡುತ್ತಿದ್ದಳು. ಬಡಿಸಲು ಪರಮೇಶ ಕರೆದರೂ ಬರಲಿಲ್ಲ, ಅವನೇ ಬಡಿಸಿದ. ಹೆಂಗಸರಿಗೆ ಏನೇನೋ ಇರುತ್ತದೆ.

ರಂಗಪ್ಪ ಆಪರೇಷನ್ ಅಂತಲೇ ತೀರ್ಮಾನ ಮಾಡಿ ಹೋಗಿದ್ದಾನೆ.

ಬೆಟ್ಟಸ್ವಾಮಿ


ಬೆಂಗಳೂರು
20 ಏಪ್ರಿಲ್ 2024

ಬೆಟ್ಟಸ್ವಾಮಿ ಸರ್,

ರಂಗಪ್ಪನವರ ಆಪರೇಷನ್ ಆಯಿತು, ಗಡ್ಡೆ ಪೂರ್ತಿ ತೆಗೆದಿದ್ದಾರೆ. ವಾರ್ಡಿನಲ್ಲಿ ನನ್ನನ್ನು ಕಂಡಾಗ ಕೈಯೆತ್ತಿ ನಿಮ್ಮೂರಿನ ದಿಕ್ಕಿಗೆ ಮುಗಿದರು. ನಿಮಗೆ ತಿಳಿಸೋಣವೆನಿಸಿತು. ಹೊಸ ಫಾರಂ ಜೊತೆಗಿದೆ.

ಸೌಮ್ಯ


ಬೆಂಗಳೂರು
23 ಸೆಪ್ಟೆಂಬರ್ 2024

ಬೆಟ್ಟಸ್ವಾಮಿ ಸರ್,

ಏಪ್ರಿಲ್‌ನಲ್ಲಿ ಕಳಿಸಿದ ಫಾರಂ ಬರಲಿಲ್ಲ, ಜುಲೈಯದೂ ಬರಲಿಲ್ಲ. ಬೇಸರ ಮಾಡಿಕೊಂಡಿದ್ದೀರಾ?

ರಂಗಪ್ಪನವರ ಮೊದಲ ಫಾರಂ ಬಂದಿದೆ. ಅದನ್ನು ನೋಡಿ ತಲೆಬುಡ ತಿಳಿಯಲಿಲ್ಲ. ಎಲ್ಲ ಪ್ರಶ್ನೆಗೂ ‘ಬಹಳ’ ಎಂದು ಗುರುತು ಹಾಕಿ, ಬದುಕಿಗೆ ನೂರಕ್ಕೆ ಐದು ಎಂದು ಬರೆಸಿದ್ದಾರೆ. ಅದೇ ಡಾಕ್ಟರು, ಅದೇ ಆಪರೇಷನ್, ನಿಮ್ಮದು ತೊಂಬತ್ತೈದು, ಅವರದು ಐದು. ಮನೆಗಳನ್ನು ತಿರುವುಮುರುವಾಗಿ ತಿಳಿದುಕೊಂಡು ತುಂಬಿಸಿರಬೇಕೆಂದು ನಮ್ಮ ಅಂದಾಜು. ಗಾನವಿಯ ಫೋನ್ ಸಿಗುತ್ತಿಲ್ಲ. ಸದ್ಯಕ್ಕೆ ಆ ಫಾರಂ ತೆಗೆದು ಪಕ್ಕಕ್ಕಿಟ್ಟಿದ್ದೇನೆ.

ನೀವು ಒಮ್ಮೆ ಹಂದನಕೆರೆಗೆ ಹೋಗಿ, ಅವರ ಜೊತೆ ಕೂತು, ಸರಿಯಾಗಿ ತುಂಬುವುದು ಹೇಗೆಂದು ತೋರಿಸಿಕೊಡಬಹುದೇ? ಖಾಲಿ ಫಾರಂ ಇಟ್ಟಿದ್ದೇನೆ.

ಸೌಮ್ಯ


ದಬ್ಬೇಘಟ್ಟ
15 ಅಕ್ಟೋಬರ್ 2024

ಶ್ರೀ. ಕ್ಷೇಮ.

ಹಂದನಕೆರೆಗೆ ಹೋಗಿ ಬಂದೆ. ರಂಗಪ್ಪನ ಫಾರಂ ಸರಿಯಾಗಿದೆ. ತಿದ್ದುವುದೇನೂ ಇಲ್ಲ. ಇನ್ನು ಮೇಲೆ ನನಗೆ ಫಾರಂ ಕಳಿಸಬೇಡ.

ಬೆಟ್ಟಸ್ವಾಮಿ


ಬೆಂಗಳೂರು
4 ನವೆಂಬರ್ 2024

ಬೆಟ್ಟಸ್ವಾಮಿ ಸರ್,

ನಿಮ್ಮ ಪುಟ್ಟ ಕಾಗದ ಓದಿದೆ. ಆಮೇಲೆ ನಿಮ್ಮ ಹಳೆಯ ಕಾಗದಗಳನ್ನೆಲ್ಲ ತೆಗೆದು ಮೊದಲಿನಿಂದ ಓದಿದೆ. ಎಲ್ಲದರ ತಲೆಯ ಮೇಲೂ ಕ್ಷೇಮ. ಅಂಗಡಿಯ ಬೀಗದ ಕೈ ಹೋದ ಕಾಗದಕ್ಕೂ ಕ್ಷೇಮ, ಮಜ್ಜಿಗೆ ಕೇಳಿ ಬಿಸಿನೀರು ಕುಡಿದ ಕಾಗದಕ್ಕೂ ಕ್ಷೇಮ. ನಾನು ಕಳಿಸಿದ್ದು ಫಾರಂ ಎಂದುಕೊಂಡಿದ್ದೆ. ನಿಮ್ಮ ಮನೆಗೆ ಬಂದದ್ದು ಕಾಗದ. ನಿಮ್ಮ ತಂದೆಯವರು ಉತ್ತರ ಬರೆಯಲು ಹೇಗೆ ಕಲಿಸಿದ್ದರೆಂದು ಮೊದಲನೇ ಕಾಗದದಲ್ಲೇ ಹೇಳಿದ್ದಿರಿ. ನಾನು ಅದನ್ನು ಓದಿ ನಕ್ಕಿದ್ದೆ.

ನಾನು ಜನವರಿಯಲ್ಲಿ ಬರೆಯದೆ ಬಿಟ್ಟದ್ದೊಂದಿದೆ. ನಿಮ್ಮ ವಿಷಯ ಹೇಳಿದವರು ಡಾಕ್ಟರ್, ಆದರೆ ನಿಮ್ಮ ಫಾರಂ ತೆಗೆದುಕೊಂಡು ಹೋಗಿ ಆ ತೊಂಬತ್ತೈದನ್ನು ಗಾನವಿಗೆ ತೋರಿಸಿದವಳು ನಾನು. ಇಷ್ಟು ಚೆನ್ನಾಗಿರಬಹುದು ನೋಡು ಎಂದಿದ್ದೆ.

ಈ ತಿಂಗಳ ಕೊನೆಗೆ ಅಧ್ಯಯನದ ಫಲಿತಾಂಶ ಬರೆದು ಕಳಿಸಬೇಕು. ರಂಗಪ್ಪನವರ ಫಾರಂ ಇನ್ನೂ ಪಕ್ಕದಲ್ಲೇ ಇದೆ. ಕ್ಷೇಮ ಬಿಟ್ಟು ನನಗೊಂದು ಕಾಗದ ಬರೆಯಿರಿ. ನಾನು ಹೊಸಿಲಾಚೆ ನಿಂತು ಓದುತ್ತೇನೆ.

ಸೌಮ್ಯ


ದಬ್ಬೇಘಟ್ಟ
13 ನವೆಂಬರ್ 2024

ಸೌಮ್ಯ,

ಮೇಲೆ ಶ್ರೀ ಹಾಕಿಲ್ಲ. ಇನ್ನೊಂದನ್ನೂ ಹಾಕಿಲ್ಲ. ಜಗಲಿಯಿಂದ ಇಳಿದು ಬೀದಿಯ ಕಲ್ಲಿನ ಮೇಲೆ ಕೂತು ಬರೆಯುತ್ತಿದ್ದೇನೆ, ಮನೆಯೊಳಗೆ ಕೂತು ಇಂಥದ್ದು ಬರೆದು ಅಭ್ಯಾಸವಿಲ್ಲ.

ಅವತ್ತು ಹಂದನಕೆರೆಗೆ ಹೋದಾಗ ನಿನ್ನ ಖಾಲಿ ಫಾರಂ ಜೇಬಿನಲ್ಲಿತ್ತು. ಪಾಠ ಹೇಳಲು ಹೋದ ಮೇಷ್ಟ್ರ ಹಾಗೆ ಎರಡು ಪೆನ್ನು ಬೇರೆ. ರಂಗಪ್ಪ ಅಂಗಳದಲ್ಲಿ ಕೂತಿದ್ದ. ಅವನ ಕೈಕಾಲು ಕಡ್ಡಿಯಾಗಿವೆ. ಗಾನವಿ ಮನೆಯಲ್ಲೇ ಇದ್ದಳು. ಕಾಲೇಜು ಬಿಟ್ಟು ಕಾಯಿ ಒಡೆಯುವ ಶೆಡ್ಡಿಗೆ ಹೋಗುತ್ತಾಳಂತೆ, ಅವತ್ತು ರಜೆ. ಒಳಗೆ ಚಾಪೆಯ ಮೇಲೆ ಹೊಂಬಾಳಮ್ಮ ಮಲಗಿದ್ದಳು.

ಆದದ್ದನ್ನು ಗಾನವಿಯೇ ಹೇಳಿದಳು. ಜೂನ್‌ನಲ್ಲಿ, ಯಾರು ಬೇಡವೆಂದರೂ ಕೇಳದೆ, ರಂಗಪ್ಪ ಒಂದು ಗಿಡ್ಡ ಮರ ಹತ್ತಿದ. ಉಸಿರು ಬಿಗಿ ಹಿಡಿಯಲಾಗದೆ ನಿಂತು ನಿಂತು ಹತ್ತಿದ. ಕೂಗಲು ದನಿಯಿಲ್ಲ, ಸಿಳ್ಳೆಯೂ ಬರುವುದಿಲ್ಲವೆಂದು ಅಷ್ಟು ಹೊತ್ತಿಗೆ ಗೊತ್ತಾಗಿತ್ತು. ಹೆಂಡತಿಗೆ ಕೈ ಬೀಸಿದ. ಅವಳು ಬಗ್ಗಿ ಕಾಯಿ ಆಯುತ್ತಿದ್ದಳು, ನೋಡಲಿಲ್ಲ. ಸರಿದಳು ಅಂದುಕೊಂಡು ಗೊನೆ ಕಡಿದ. ಹೆಗಲ ಮೇಲೆ ಬಿತ್ತು. ಆ ಕೈ ಇನ್ನು ಮೇಲೇಳುವುದಿಲ್ಲ. ಆಮೇಲೆ ರಂಗಪ್ಪನನ್ನು ಯಾರೂ ತೋಟಕ್ಕೆ ಕರೆಯುವುದಿಲ್ಲ, ಅವನೂ ಹೋಗುವುದಿಲ್ಲ.

ನಾನು ಸ್ಲೇಟು ತೆಗೆದೆ. ಏನು ಬರೆಯಬೇಕೆಂದು ತೆಗೆದೆನೋ ನನಗೇ ಗೊತ್ತಿಲ್ಲ. ರಂಗಪ್ಪ ಅದನ್ನು ಕಿತ್ತು ಕೆಳಗಿಟ್ಟ. ಎರಡು ಬೆರಳು ಬಾಯಿಗಿಟ್ಟು, ಕೆನ್ನೆ ಉಬ್ಬಿಸಿ, ಸಿಳ್ಳೆ ಹಾಕಲು ಹೋದ. ಬಾಯಲ್ಲಿ ಏನೂ ಬರಲಿಲ್ಲ. ಕತ್ತಿನ ಬಟ್ಟೆ ಮಾತ್ರ ಬುಸ್ ಅಂತ ಹಾರಿ ಬಿತ್ತು. ಆಮೇಲೆ ನನ್ನ ಕೈ ಹಿಡಿದು, ನನ್ನ ಬೆರಳನ್ನೇ ನನ್ನ ಬಾಯಿಗೆ ಇಟ್ಟ. ಊದು ಅಂತ ಸನ್ನೆ ಮಾಡಿದ. ಗಾನವಿ ನೋಡುತ್ತಿದ್ದಳು. ಊದಿದೆ. ನನ್ನ ಬಟ್ಟೆಯೂ ಹಾಗೇ ಬುಸ್ ಅಂತು.

ರಂಗಪ್ಪನಿಗೆ ಸಿಟ್ಟು ಬಂದಿದ್ದರೆ ಚೆನ್ನಾಗಿತ್ತು. ಕೆಳಗಿದ್ದ ಸ್ಲೇಟು ಎತ್ತಿ ನನ್ನ ಮಡಿಲಿಗಿಟ್ಟ. ಗಾನವಿ ಒಂದೇ ಮಾತು ಕೇಳಿದಳು. “ನಿಮಗೆ ಅವತ್ತೇ ಗೊತ್ತಿತ್ತಲ್ವಾ ತಾತ?”

ಗೊತ್ತಿತ್ತು ಕಣಮ್ಮ. ಬಿಸಿ ಕಾಫಿಯನ್ನು ಊದಿ ಆರಿಸಲಾಗದೆ ಬಾಯಿ ಸುಟ್ಟುಕೊಂಡವನು ನಾನು. ಸಿಳ್ಳೆಗೂ ಉಸಿರು ಬಾಯಿಗೆ ಬರಬೇಕೆಂದು ಗೊತ್ತಿರಲಿಲ್ಲವೇ. ಅವನು ನಮ್ಮೂರಿನ ದಿಕ್ಕಿಗೆ ಕೈ ಮುಗಿದ ಅಂತ ನೀನು ಬರೆದ ಮೇಲೆ ಫಾರಂ ತುಂಬಲು ಮನಸ್ಸು ಬರಲಿಲ್ಲ. ಅವನ ಜೀವ ಉಳಿದಿದೆ, ಅದು ಸುಳ್ಳಲ್ಲ. ಇನ್ನೊಂದು ದಾರಿ ಹಿಡಿದಿದ್ದರೆ ಏನಾಗುತ್ತಿತ್ತೋ ಯಾರಿಗೂ ತಿಳಿಯದು. ಆದರೆ ಆರಿಸಿಕೋ ಅಂತ ನೀವು ಅವನಿಗೆ ಬಿಟ್ಟಿರಿ, ಅವನು ಬಂದು ನನ್ನನ್ನು ಕೇಳಿದ, ನಾನು ಮರ್ಯಾದೆಯ ಮಾತು ಬರೆದು ಕೊಟ್ಟೆ.

ಮನೆಗೆ ಬಂದೆ. ದ್ರಾಕ್ಷಾಯಣಿ, “ಆವಯ್ಯ ಹೆಂಗವ್ನೆ?” ಅಂದಳು. ಅಭ್ಯಾಸಬಲ, ಬಳಪ ಹಿಡಿದೆ. ಅವಳು ಸೆರಗಿನಿಂದ ಸ್ಲೇಟು ಒರೆಸಿಬಿಟ್ಟಳು. “ಬರೀಬ್ಯಾಡಿ. ನನ್ ಮಖ ನೋಡಿ ಹೇಳಿ.” ನೋಡಿದೆ, ಅಳು ಬಂತು. ನನ್ನ ಅಳುವಿಗೆ ಸದ್ದಿಲ್ಲ, ಅದೂ ನಿಮ್ಮ ಫಾರಂನಲ್ಲಿಲ್ಲ. “ಆವತ್ತು ಬಾಗಿಲ ಸಂದೀಲಿ ನಿಂತು ನೋಡ್ತಿದ್ದೆ. ನೀವು ಬರೆದದ್ದ ಓದಕ್ ಬಾರ್ದಿದ್ರೂ ಸುಳ್ಳು ಅಂತ ಗೊತ್ತಾಯ್ತು. ಆ ಮಗೀಗೆ ನಾನಾದ್ರೂ ಹೇಳ್ಬೇಕಿತ್ತು” ಅಂದಳು.

ಆಪರೇಷನ್ ಆದ ಮೇಲೆ ಅವಳು ನನ್ನ ಜೊತೆ ಅಷ್ಟು ಮಾತಾಡಿದ್ದು ಅದೇ ಮೊದಲು. ಉತ್ತರ ಬಾರದ ಮನುಷ್ಯನಿಗೆ ಎಷ್ಟು ದಿನ ಮಾತು ಹೇಳುತ್ತಾಳೆ, ನಿಧಾನಕ್ಕೆ ಅವಳೂ ಬಿಟ್ಟಿದ್ದಳು. ನಾನು ಅದನ್ನೇ ಜಗಳವಿಲ್ಲ ಅಂತ ನಿನಗೆ ಬರೆದು ನಗಿಸಿದೆ. ಒಬ್ಬನ ಗಂಟಲು ಕೊಯ್ದರೆ ಮನೆಯಲ್ಲಿ ಇಬ್ಬರ ಮಾತು ಹೋಗುತ್ತದೆ.

ಜೇಬಿನಲ್ಲಿದ್ದ ಆ ಖಾಲಿ ಫಾರಂ ನಾನೇ ತುಂಬಿದ್ದೇನೆ. ಈ ಸಲ ಪರಮೇಶ ಪ್ರಶ್ನೆ ಓದಿದ, ದ್ರಾಕ್ಷಾಯಣಿ ಎದುರಿಗೆ ಕೂತಿದ್ದಳು. ನಾನು ‘ಸ್ವಲ್ಪ’ದ ಮೇಲೆ ಬೆರಳಿಟ್ಟ ಕಡೆಯಲ್ಲೆಲ್ಲ ಅವಳು ಬೆರಳನ್ನು ಎತ್ತಿ ‘ಬಹಳ’ದ ಮೇಲಿಟ್ಟಳು. ವಾಸನೆ ಇಲ್ಲ. ಭಾರ ಎತ್ತಲಾಗುವುದಿಲ್ಲ. ಜನ ಬಂದರೆ ಒಳಕೋಣೆಗೆ ಹೋಗುತ್ತೇನೆ. ಬದುಕಿಗೆ ಮೂವತ್ತು. ಇದರಲ್ಲಿ ಶಿವನಿಗೆ ಅಂತ ಏನೂ ಬಿಟ್ಟಿಲ್ಲ.

ಹಳೆಯ ಫಾರಂಗಳನ್ನು ಏನು ಮಾಡುತ್ತೀಯೋ ನಿನಗೆ ಸೇರಿದ್ದು. ರಂಗಪ್ಪನದನ್ನು ಮಾತ್ರ ಪಕ್ಕದಿಂದ ತೆಗೆದು ಎಲ್ಲಕ್ಕಿಂತ ಮೇಲಿಡು. ನಮ್ಮಿಬ್ಬರಲ್ಲಿ ಸರಿಯಾಗಿ ತುಂಬಿದವನು ಅವನೊಬ್ಬನೇ.

ಹೊಸಿಲಾಚೆ ನಿಂತು ಓದುತ್ತೇನೆ ಅಂದೆಯಲ್ಲ, ಓದು. ಆದರೆ ಹರಿಯಬೇಡ. ಒಳಗೆ ತೆಗೆದುಕೊಂಡು ಹೋಗಿ ಇಟ್ಟುಕೋ. ನಾಳೆ ಇನ್ನೊಬ್ಬ ಗಂಟಲು ಹಿಡಿದುಕೊಂಡು ಬಂದು, ನಿಜ ಹೇಳಿ, ಹೆಂಗೈತೆ ಬದುಕು ಅಂತ ಕೇಳಿದರೆ ನಮ್ಮೂರಿಗೆ ಕಳಿಸಬೇಡ. ಮನೆಗೆ ಬಂದು ಕೂತು ಕೇಳಿದರೆ ನಾನು ಮತ್ತೆ ಅದನ್ನೇ ಬರೆದುಬಿಡುತ್ತೇನೆ. ಅವನನ್ನು ಅಲ್ಲೇ ಕೂರಿಸಿಕೊಂಡು ಇದನ್ನು ಓದಿ ಹೇಳು.

ಬೆಟ್ಟಸ್ವಾಮಿ